ಫೇಲಾದ ಕಾರನ್ನೇ ತಗೋ

ಬ್ರಿಟನ್ನಿನ ಕಾರು ಪತ್ರಿಕೆಗಳಲ್ಲಿ, ವೆಬ್‌ಸೈಟುಗಳಲ್ಲಿ ಆಗಾಗ ಒಂದು ಜಾತಿಯ ಲೇಖನ ಬರುತ್ತೆ. ಎಂಓಟಿ ತಪಾಸಣೆಯಲ್ಲಿ ಅತಿ ಹೆಚ್ಚು ಪಾಸಾಗುವ ಸೆಕೆಂಡ್ ಹ್ಯಾಂಡ್ ಫ್ಯಾಮಿಲಿ ಎಸ್‌ಯುವಿ ಯಾವುದು, ಅತಿ ಹೆಚ್ಚು ಫೇಲಾಗೋದು ಯಾವುದು ಅಂತ. ಒಂದು ಪಟ್ಟಿ, ಪಕ್ಕದಲ್ಲಿ ಶೇಕಡಾವಾರು, ಮೇಲಿನವಕ್ಕೆ ಶಹಬ್ಬಾಸ್, ಕೆಳಗಿನವಕ್ಕೆ ಛೀಮಾರಿ. ಕೊನೆಗೆ 'ಹಾಗಾಗಿ ಇದೇ ನಂಬಿಕಸ್ಥ ಗಾಡಿ' ಅಂತ ಒಂದು ತೀರ್ಪು. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ನಮ್ಮ ಪೇಪರುಗಳಲ್ಲಿ ಜಿಲ್ಲಾವಾರು ಪಟ್ಟಿ ಬರುತ್ತಲ್ಲ, ಥೇಟ್ ಹಾಗೆ.

ಈ ಪಟ್ಟಿಗಳ ಮೇಲೆ ನನ್ನದೊಂದು ತಕರಾರಿದೆ. ಅಂಕಿ ಸುಳ್ಳು ಅಂತಲ್ಲ. ಅಂಕಿ ಸರ್ಕಾರದ್ದೇ, ಹೆಸರು ನಂಬರು ತೆಗೆದು ಸಾರ್ವಜನಿಕರಿಗೆ ಬಿಡುಗಡೆ ಮಾಡಿದ ದತ್ತಾಂಶ. ಆದ್ರೆ ಆ ಅಂಕಿಯನ್ನ ಇವರು ಓದೋ ರೀತಿ ಪೂರ್ತಿ ತಲೆಕೆಳಗು. ಅದನ್ನ ನಂಬಿ ಒಂಬತ್ತು ಹತ್ತು ಸಾವಿರ ಪೌಂಡ್ ಸುರಿಯೋರಲ್ಲಿ ನಮ್ಮ ಜನವೂ ಇದ್ದಾರೆ. ರೆಡಿಂಗ್, ಸ್ಲೌ, ಮಿಲ್ಟನ್ ಕೀನ್ಸ್ ಕಡೆ ಕೆಲಸಕ್ಕೆ ಹೋದ ಹುಡುಗ ಹುಡುಗೀರು ಎರಡನೇ ವರ್ಷಕ್ಕೆ ಮಗು, ಮಗುವಿನ ತಳ್ಳುಗಾಡಿ, ಊರಿಂದ ಬರೋ ಅಪ್ಪ ಅಮ್ಮ ಅಂತ ಲೆಕ್ಕ ಹಾಕಿ ಒಂದು ಹಳೇ ಎಸ್‌ಯುವಿ ಹುಡುಕೋಕೆ ಕೂರ್ತಾರೆ. ಮೊದಲು ಕಣ್ಣಿಗೆ ಬೀಳೋದೇ ಈ ಪಟ್ಟಿ.

ಎಂಓಟಿ ಅಂದ್ರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಮಿನಿಸ್ಟ್ರಿ ಆಫ್ ಟ್ರಾನ್ಸ್‌ಪೋರ್ಟ್ ಅನ್ನೋದರ ಮೊದಲಕ್ಷರಗಳು. ಆ ಹೆಸರಿನ ಸಚಿವಾಲಯ ಈಗಿಲ್ಲ, ಪರೀಕ್ಷೆಗೆ ಹೆಸರು ಮಾತ್ರ ಅಂಟಿಕೊಂಡಿದೆ. 1960ರಲ್ಲಿ ಅರ್ನೆಸ್ಟ್ ಮಾರ್ಪಲ್ಸ್ ಸಾರಿಗೆ ಮಂತ್ರಿಯಾಗಿದ್ದಾಗ ಶುರುವಾಯ್ತು. ಆಗ ಹತ್ತು ವರ್ಷ ದಾಟಿದ ಗಾಡಿಗಳಿಗೆ ಮಾತ್ರ, ನೋಡ್ತಿದ್ದಿದ್ದೂ ಬ್ರೇಕು, ಸ್ಟೀರಿಂಗು, ಲೈಟು ಅಷ್ಟೇ. 1967ರ ಹೊತ್ತಿಗೆ ಹತ್ತು ವರ್ಷ ಮೂರಕ್ಕಿಳೀತು. ಇವತ್ತಿಗೂ ಮೂರೇ: ಹೊಸ ಕಾರಿಗೆ ಮೂರು ವರ್ಷ ತುಂಬಿದ ಮೇಲೆ ಪ್ರತಿವರ್ಷ ಒಂದು ಪರೀಕ್ಷೆ. ಇದನ್ನ ನಾಲ್ಕು ವರ್ಷ ಮಾಡೋಣ್ವಾ ಅಂತ ಸರ್ಕಾರ 2023ರಲ್ಲಿ ಕೇಳಿತ್ತು. ಬೇಡ ಅಂತ 2024ರ ಜನವರಿಯಲ್ಲಿ ಕೈಬಿಡ್ತು. ಕಾರಿಗೆ ಗರಿಷ್ಠ ಶುಲ್ಕ 54.85 ಪೌಂಡ್. ಒಂದು ಗಂಟೆಯೊಳಗೆ ಮುಗಿಯೋ ಕೆಲಸ.

ಇನ್ನು ಅಲ್ಲಿ ಏನು ನೋಡ್ತಾರೆ, ಏನು ನೋಡಲ್ಲ? ನನ್ನ ತಕರಾರಿನ ಬೇರು ಇರೋದೇ ಇಲ್ಲಿ.

ಹೆಡ್‌ಲೈಟಿನ ಒಂದು ಬಲ್ಬು ಹೋಗಿದ್ರೆ ಫೇಲು. ಗಾಜು ತೊಳೆಯೋ ನೀರು ಖಾಲಿಯಾಗಿ ಚಿಮ್ಮದೇ ಇದ್ರೆ ಫೇಲು. ಟೈರಿನ ನಡುಭಾಗದ ಗೆರೆ 1.6 ಮಿಲಿಮೀಟರಿಗಿಂತ ಸವೆದಿದ್ರೆ ಫೇಲು. ಡ್ರೈವರ್ ಕಣ್ಣೆದುರಿನ ಗಾಜಿನಲ್ಲಿ 10 ಮಿಲಿಮೀಟರಿಗಿಂತ ದೊಡ್ಡ ಚಿಪ್ಪು ಎದ್ದಿದ್ರೂ ಫೇಲು. ಆದ್ರೆ ಇಂಜಿನ್ ಯಾವ ಸ್ಥಿತಿಯಲ್ಲಿದೆ, ಕ್ಲಚ್ ಇನ್ನೆಷ್ಟು ದಿನ ಬರುತ್ತೆ, ಗೇರ್‌ಬಾಕ್ಸ್ ಏನು ಕಥೆ ಅನ್ನೋದು ಈ ಪರೀಕ್ಷೆಯ ವ್ಯಾಪ್ತಿಗೇ ಬರಲ್ಲ. ಸರ್ಕಾರದ ವೆಬ್‌ಸೈಟೇ ಅದನ್ನ ಬಾಯ್ಬಿಟ್ಟು ಹೇಳುತ್ತೆ. ಪರೀಕ್ಷೆ ಮಾಡೋನು ಯಾವ ಭಾಗವನ್ನೂ ಬಿಚ್ಚೋ ಹಾಗಿಲ್ಲ. ಹಾಗಾಗಿ ಮುಚ್ಚಳದ ಒಳಗಿರೋ ಟೈಮಿಂಗ್ ಬೆಲ್ಟ್ ನೂಲಿನಷ್ಟು ಉಳಿದಿದ್ರೂ ಸರ್ಟಿಫಿಕೇಟ್ ಸಿಗುತ್ತೆ. ಕುಟುಂಬದ ಬಜೆಟ್ಟಿಗೆ ಬರೆ ಎಳೆಯೋ ರಿಪೇರಿಗಳು ಹೆಚ್ಚಾಗಿ ಇಂಜಿನ್, ಕ್ಲಚ್, ಗೇರ್‌ಬಾಕ್ಸಿನವು. ಬಲ್ಬಿಂದ ಯಾರೂ ದಿವಾಳಿ ಆಗಿಲ್ಲ.

ನಿಸಾನ್ ಕಶ್ಕಾಯ್‌ಯನ್ನೇ ತಗೊಳ್ಳಿ. ಇಂಗ್ಲೆಂಡಿನ ಸಂಡರ್ಲೆಂಡಿನಲ್ಲಿ ತಯಾರಾಗೋ ಗಾಡಿ. ಇರಾನಿನ ಒಂದು ಅಲೆಮಾರಿ ಸಮುದಾಯದ ಹೆಸರನ್ನ ಇದಕ್ಕೆ ಯಾಕಿಟ್ಟರೋ, ನಮ್ಮೋರಂತೂ ಒಬ್ಬೊಬ್ಬರು ಒಂದೊಂದು ಥರ ಕರೀತಾರೆ. 2007ರಲ್ಲಿ ರಸ್ತೆಗೆ ಬಂದಾಗಿಂದ ಅಲ್ಲಿನ ಮಧ್ಯಮವರ್ಗದ ಮನೆ ಮುಂದೆ ಇದು ಮಾಮೂಲಿ ದೃಶ್ಯ. ಎರಡನೇ ಪೀಳಿಗೆಯ ಮಾಡೆಲ್ಲಿನಲ್ಲಿ ಬಂದ 1.2 ಲೀಟರ್ ಪೆಟ್ರೋಲ್ ಟರ್ಬೊ ಇಂಜಿನ್ ಎಣ್ಣೆ ಕುಡಿಯುತ್ತೆ ಅಂತ ಮಾಲೀಕರ ದೂರು ಬಹಳ. ಆಟೊಮ್ಯಾಟಿಕ್ ಸಿವಿಟಿ ಗೇರ್‌ಬಾಕ್ಸಿನ ಬಗ್ಗೆಯೂ ಗೊಣಗಾಟ ಇದ್ದೇ ಇದೆ. ಇವೆರಡೂ ಎಂಓಟಿಯ ಕಣ್ಣಿಗೆ ಬೀಳಲ್ಲ. ವಾರ್ನಿಂಗ್ ಲೈಟ್ ಉರೀತಿಲ್ಲ, ಹೊಗೆ ಮಿತಿಯಲ್ಲಿದೆ ಅಂದ್ರೆ ಪಾಸು. ಹಾಗಿದ್ದ ಮೇಲೆ ಪಾಸಿನ ಶೇಕಡಾವಾರು ಹಿಡ್ಕೊಂಡು ಕಶ್ಕಾಯ್ ನಂಬಿಕಸ್ಥ ಅಂತಲೋ ಅಲ್ಲ ಅಂತಲೋ ಹೇಳೋರು ಏನನ್ನ ಅಳೀತಿದ್ದಾರೆ?

ನನಗನ್ಸೋದು, ಅವರು ಅಳೀತಿರೋದು ಮಾಲೀಕರನ್ನ. ಬ್ರಿಟನ್ನಿನಲ್ಲಿ ಕಾರುಗಳು ಫೇಲಾಗೋದಕ್ಕೆ ಮುಖ್ಯ ಕಾರಣಗಳೇ ಲೈಟು, ಟೈರು, ಬ್ರೇಕು, ಸಸ್ಪೆನ್ಷನ್ನು. ಇದರಲ್ಲಿ ಮೊದಲೆರಡು ಪರೀಕ್ಷೆಯ ಹಿಂದಿನ ದಿನ ಗಾಡಿ ಸುತ್ತ ಒಂದು ಪ್ರದಕ್ಷಿಣೆ ಹಾಕಿದ್ರೆ ಗೊತ್ತಾಗೋ ವಿಷಯ. ವಯಸ್ಸಾದ ದಂಪತಿ ಕೊಂಡು ಗ್ಯಾರೇಜಿನಲ್ಲಿ ಬೆಚ್ಚಗಿಟ್ಟ ಗಾಡಿ ಪಾಸಾಗುತ್ತೆ. ಮೂರು ಮಕ್ಕಳನ್ನ ಸ್ಕೂಲು, ಈಜು, ಫುಟ್‌ಬಾಲು ಅಂತ ಸಾಗಿಸೋ ಗಾಡಿಯ ಟೈರು ಯಾವಾಗ ಸವೀತು ಅಂತ ಯಾರಿಗೂ ತಿಳಿಯಲ್ಲ, ಅದು ಫೇಲಾಗುತ್ತೆ. ಎರಡರ ಇಂಜಿನ್ನೂ ಒಂದೇ ಕಾರ್ಖಾನೆಯದ್ದಾಗಿರಬಹುದು.

ಜೊತೆಗೆ 'ನೂರಕ್ಕೆ ನೂರು ಫಲಿತಾಂಶ' ಅನ್ನೋ ಬ್ಯಾನರಿನ ವಿದ್ಯೆ ಅಲ್ಲೂ ಇದೆ. ನಮ್ಮಲ್ಲಿ ಕೆಲವು ಶಾಲೆಗಳು ದಡ್ಡ ಮಕ್ಕಳನ್ನ ಒಂಬತ್ತನೇ ಕ್ಲಾಸಲ್ಲೇ ತಡೆದು ಹತ್ತನೇ ಕ್ಲಾಸಿನ ರಿಸಲ್ಟ್ ಫಳಫಳ ಹೊಳೆಯೋ ಹಾಗೆ ಮಾಡ್ತಾವಲ್ಲ, ಅದೇ. ಸರ್ವೀಸಿಗೂ ಎಂಓಟಿಗೂ ಒಟ್ಟಿಗೇ ಗಾಡಿ ಬಿಟ್ರೆ ಮೆಕ್ಯಾನಿಕ್ ಮೊದಲು ಬಲ್ಬು, ವೈಪರು, ಟೈರು ಬದಲಿಸಿ ಆಮೇಲೆ ಪರೀಕ್ಷೆಗೆ ಹತ್ತಿಸ್ತಾನೆ. ದಾಖಲೆಯಲ್ಲಿ ಶುದ್ಧ ಪಾಸು. ಪರೀಕ್ಷೆ ವೇಳೆ ದೋಷ ಸಿಕ್ಕಿ ಒಂದು ಗಂಟೆಯೊಳಗೆ ಅಲ್ಲೇ ಸರಿಮಾಡಿದ್ರೆ ಅದಕ್ಕೆ ಬೇರೆಯೇ ಒಂದು ವರ್ಗ ಇದೆ, ಸರಿಪಡಿಸಿದ ಮೇಲೆ ಪಾಸು ಅಂತ. ಪತ್ರಿಕೆಯವರು ಅದನ್ನ ಯಾವ ಡಬ್ಬಕ್ಕೆ ಹಾಕಿದ್ರು ಅನ್ನೋದರ ಮೇಲೆ ಪಟ್ಟಿಯ ಮೇಲು ಕೆಳಗು ಬದಲಾಗುತ್ತೆ. ಎಷ್ಟು ಪಟ್ಟಿಗಳು ಅದನ್ನ ಓದುಗರಿಗೆ ಹೇಳ್ತಾವೆ? ಹೇಳಿದ್ದನ್ನ ನಾನು ಅಪರೂಪಕ್ಕೆ ನೋಡಿದ್ದೀನಿ.

ಹಾಗಂತ ಎಂಓಟಿಯನ್ನೇ ತಳ್ಳಿಹಾಕೋದು ನನ್ನ ಉದ್ದೇಶ ಅಲ್ಲ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳೋರಿಗೆ ಇದಕ್ಕಿಂತ ಒಳ್ಳೇ ಓದು ಇನ್ನೊಂದಿಲ್ಲ. ಓದಬೇಕಾಗಿದ್ದು ಪಾಸು ಫೇಲಿನ ಕಾಲಂ ಅಲ್ಲ, ಅದರ ಕೆಳಗೆ ಸಣ್ಣಕ್ಷರದಲ್ಲಿರೋ ಅಡ್ವೈಸರಿ. 2018ರ ಮೇ ತಿಂಗಳಿಂದ ದೋಷಗಳನ್ನ ಡೇಂಜರಸ್, ಮೇಜರ್, ಮೈನರ್ ಅಂತ ವಿಂಗಡಿಸಿದ್ದಾರೆ. ಮೊದಲೆರಡಕ್ಕೆ ಫೇಲು, ಮೂರನೆಯದು ಇದ್ರೂ ಪಾಸು. ಇವುಗಳ ಆಚೆಗೆ ಇರೋದು ಅಡ್ವೈಸರಿ: ಈಗ ಫೇಲ್ ಮಾಡೋವಷ್ಟು ಇಲ್ಲ, ಆದ್ರೆ ಕಣ್ಣಿಟ್ಟಿರಿ ಅನ್ನೋ ಸೂಚನೆ. ಯಾವ ಕಾರಿನ ನಂಬರ್ ಹಾಕಿದ್ರೂ ಅದರ ಇಷ್ಟೂ ವರ್ಷಗಳ ಚರಿತ್ರೆ ಸರ್ಕಾರಿ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತೆ. ಪರೀಕ್ಷೆ ನಡೆದ ದಿನ, ಮೀಟರಿನಲ್ಲಿದ್ದ ಮೈಲಿ, ಸಿಕ್ಕ ದೋಷ, ಕೊಟ್ಟ ಸೂಚನೆ. ಪಕ್ಕದ ಮನೆಯೋನ ಕಾರಿನದ್ದೂ ನೋಡಬಹುದು, ಯಾರೂ ಕೇಳಲ್ಲ.

ನನ್ನ ತಂಗಿ ರೆಡಿಂಗ್‌ನಲ್ಲಿದ್ದಾಳೆ. ಎರಡು ಕಾರಿನ ನಂಬರ್ ಕಳಿಸಿದ್ಲು. ಎರಡೂ 2016ರ ಕಶ್ಕಾಯ್, ಎರಡೂ 1.5 ಲೀಟರ್ ಡೀಸೆಲ್.

"ಅಣ್ಣಾ, ಮೊದಲನೇದು ಒಂದ್ಸಲಾನೂ ಫೇಲಾಗಿಲ್ಲ ನೋಡು. ಓಡಿರೋದೂ ಕಮ್ಮಿ. ಎರಡನೇದು ಎರಡು ಸಲ ಫೇಲು. ಇವರು ಮೊದಲನೇದಕ್ಕೇ ಅಡ್ವಾನ್ಸ್ ಕೊಡೋಣ ಅಂತಿದ್ದಾರೆ."

ಮೊದಲನೇ ಗಾಡಿಗೆ ಹತ್ತೂವರೆ ಸಾವಿರ ಪೌಂಡ್, ಎರಡನೇದಕ್ಕೆ ಒಂಬತ್ತು ಸಾವಿರದ ಒಳಗೆ. ನಾನು ಎರಡರ ಚರಿತ್ರೆಯನ್ನೂ ಪಕ್ಕಪಕ್ಕ ತೆರೆದು ಕೂತೆ.

ಮೊದಲನೇದು 2019ರಲ್ಲಿ 31 ಸಾವಿರ ಮೈಲಿ, ಮುಂದಿನ ವರ್ಷ 38 ಸಾವಿರ. ಅಲ್ಲಿಂದಾಚೆ ಅದು ಬಹುತೇಕ ನಿಂತೇಬಿಟ್ಟಿದೆ: 2021ಕ್ಕೆ 41 ಸಾವಿರ, 2022ಕ್ಕೆ 42,500, 2023ಕ್ಕೆ 43,200. ಕೊನೇ ವರ್ಷ ಓಡಿದ್ದು 700 ಮೈಲಿ. ಪ್ರತಿ ಸಲವೂ ಪಾಸು, ನಿಜ. ಆದ್ರೆ ಅಡ್ವೈಸರಿ ಓದ್ತಾ ಹೋದ್ರೆ ಬೇರೆ ಕಥೆ. 2021ರಲ್ಲಿ ಮುಂದಿನ ಎರಡು ಟೈರು ಮಿತಿಯ ಹತ್ತಿರ ಸವೆದಿವೆ. 2022ರಲ್ಲಿ ಅದೇ ಸಾಲು ಮತ್ತೆ, ಜೊತೆಗೆ ಹಿಂದಿನ ಬ್ರೇಕ್ ಡಿಸ್ಕ್ ತುಕ್ಕು ಹಿಡಿದು ಗುಳಿ ಬಿದ್ದಿದೆ. 2023ರಲ್ಲಿ ಆ ಎರಡೂ ಹಾಗೇ ಇವೆ, ಮೇಲೊಂದು ಹೊಸ ಸಾಲು, ಸಸ್ಪೆನ್ಷನ್ ಆರ್ಮಿನ ಬಾಲ್ ಜಾಯಿಂಟ್ ಸ್ವಲ್ಪ ಆಡ್ತಿದೆ. ಅಂದ್ರೆ ಹೇಳಿದ್ದನ್ನ ಮೂರು ವರ್ಷ ಯಾರೂ ಕಿವಿಗೆ ಹಾಕ್ಕೊಂಡಿಲ್ಲ. ಟೈರು, ಡಿಸ್ಕು, ಜಾಯಿಂಟು ಮೂರರ ಬಿಲ್ಲೂ ಹೊಸ ಮಾಲೀಕನ ತಲೆ ಮೇಲೆ. ಇನ್ನೂ ದೊಡ್ಡ ಭಯ ದಾಖಲೆಯಲ್ಲಿ ಬರೆಯದೇ ಇರೋದು. ವರ್ಷಕ್ಕೆ 700 ಮೈಲಿ ಓಡೋ ಡೀಸೆಲ್ ಗಾಡಿ ಅಂದ್ರೆ ಅಂಗಡಿಗೂ ಸ್ಕೂಲಿಗೂ ಹೋಗಿ ಬರೋ ಗಾಡಿ. ಡೀಸೆಲ್ಲಿನ ಮಸಿ ಹಿಡಿದಿಡೋ ಫಿಲ್ಟರ್ ತನ್ನನ್ನ ತಾನೇ ಸುಟ್ಟು ಶುಚಿ ಮಾಡ್ಕೊಳ್ಳೋಕೆ ಆಗಾಗ ಮೋಟಾರುವೇ ಮೇಲೆ ಒಂದಷ್ಟು ಹೊತ್ತು ಬಿಸಿಯಾಗಿ ಓಡಬೇಕು. ಓಡದಿದ್ರೆ ಕಟ್ಟಿಕೊಳ್ಳುತ್ತೆ. ಫಿಲ್ಟರ್ ತನ್ನ ಜಾಗದಲ್ಲಿದೆಯಾ, ಹೊಗೆ ಹೆಚ್ಚಿದೆಯಾ ಅಂತ ಎಂಓಟಿಯೋರು ನೋಡ್ತಾರೆ. ಎಷ್ಟು ಕಟ್ಟಿಕೊಂಡಿದೆ ಅಂತ ನೋಡಲ್ಲ.

ಎರಡನೇದು 2019ರಲ್ಲಿ 39 ಸಾವಿರ. ಆಮೇಲೆ 51 ಸಾವಿರ, 60 ಸಾವಿರ, 73 ಸಾವಿರ, 86 ಸಾವಿರ. ಕೋವಿಡ್ ವರ್ಷದಲ್ಲಿ ಮಾತ್ರ ಸ್ವಲ್ಪ ಇಳಿದಿದೆ, ಉಳಿದಂತೆ ಗಡಿಯಾರದ ಥರ. 2020ರಲ್ಲಿ ಫೇಲು: ಮುಂದಿನ ಎಡಗಡೆ ಕಾಯಿಲ್ ಸ್ಪ್ರಿಂಗ್ ಮುರಿದಿದೆ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯೋ ದೇಶ, ಗುಂಡಿಗಳೂ ಇವೆ (ಹೌದು, ಅಲ್ಲೂ ಇವೆ), ಸ್ಪ್ರಿಂಗ್ ಮುರಿಯೋದು ಅಲ್ಲಿ ಎಲ್ಲಾ ಕಂಪನಿ ಗಾಡಿಗಳಿಗೂ ಬರೋ ಕಾಯಿಲೆ. ಮಾರನೇ ದಿನವೇ ಪಾಸು. 2022ರಲ್ಲಿ ಮತ್ತೆ ಫೇಲು: ಎರಡು ಟೈರು, ಒಂದು ಬಲ್ಬು. ಅವತ್ತು ಸಂಜೆಯೇ ಪಾಸು. ಬ್ರೇಕ್ ಡಿಸ್ಕ್ ಸವೆದಿದೆ ಅನ್ನೋ ಅಡ್ವೈಸರಿ ಒಂದು ವರ್ಷ ಬಂದಿದೆ, ಮುಂದಿನ ವರ್ಷ ಇಲ್ಲ. ಯಾವ ಸಾಲೂ ಎರಡನೇ ಸಲ ಕಾಣಿಸಿಲ್ಲ.

"ಫೇಲಾದ ಕಾರನ್ನೇ ತಗೋ" ಅಂದೆ. "ನಿನಗೇನು ಹುಚ್ಚಾ" ಅಂದ್ಲು. ಆಮೇಲೆ ಗಂಡ ಹೆಂಡತಿ ಇಬ್ಬರೂ ಕೂತು ಸಾಲು ಸಾಲಾಗಿ ಓದಿದ್ರು. ತಗೊಂಡಿದ್ದು ಎರಡನೇದನ್ನೇ, ಟೈಮಿಂಗ್ ಬೆಲ್ಟ್ ಬದಲಿಸಿದ ಬಿಲ್ ಇದೆಯಾ ಅಂತ ಕೇಳಿ, ಇದೆ ಅಂತ ಕಣ್ಣಾರೆ ನೋಡಿದ ಮೇಲೆ. ಮೊದಲನೇದು ಕೆಟ್ಟ ಗಾಡಿಯೇ ಅಂತ ನಾನು ಪ್ರಮಾಣ ಮಾಡಲಾರೆ. ಕೊಟ್ಟ ದುಡ್ಡಿಗೆ ಯಾವ ಗಾಡಿಯ ಬಗ್ಗೆ ಹೆಚ್ಚು ತಿಳಿದಿದೆ ಅನ್ನೋದಷ್ಟೇ ನನ್ನ ಲೆಕ್ಕ.

ಈ ಓದಿಗೂ ಮಿತಿ ಇದೆ. ಮೊದಲ ಮೂರು ವರ್ಷದ ಪುಟ ಖಾಲಿ. ಆಕ್ಸಿಡೆಂಟ್ ಆಗಿತ್ತಾ, ಸಾಲ ಬಾಕಿ ಇದೆಯಾ ಅನ್ನೋದಕ್ಕೆ ದುಡ್ಡು ಕೊಟ್ಟು ಬೇರೆ ತಪಾಸಣೆ ಮಾಡಿಸಬೇಕು. ಇನ್ನೂ ಒಂದು ತೊಡಕು, ಪರೀಕ್ಷೆ ಮಾಡೋ ಗ್ಯಾರೇಜೇ ಸಾಮಾನ್ಯವಾಗಿ ರಿಪೇರಿಯನ್ನೂ ಮಾಡುತ್ತೆ. ಫೇಲ್ ಮಾಡಿದ್ರೆ ಅವನಿಗೇ ವ್ಯಾಪಾರ. ಮಾಮೂಲಿ ಗಿರಾಕಿಯನ್ನ ಪಾಸ್ ಮಾಡಿದ್ರೂ ಅವನಿಗೇ ವ್ಯಾಪಾರ. ಉತ್ತರ ಐರ್ಲೆಂಡಿನಲ್ಲಿ ಮಾತ್ರ ಇದು ಸರ್ಕಾರಿ ಕೇಂದ್ರಗಳ ಕೆಲಸ, ಅವರು ರಿಪೇರಿ ಮುಟ್ಟಲ್ಲ. ಇಂಗ್ಲೆಂಡಿನಲ್ಲೂ ಕೆಲವು ನಗರಸಭೆಗಳು ತಮ್ಮ ಗಾಡಿಗಳಿಗೆ ಅಂತ ಇಟ್ಟುಕೊಂಡ ಪರೀಕ್ಷಾ ಕೇಂದ್ರಗಳಿವೆ, ಸಾರ್ವಜನಿಕರೂ ಹೋಗಬಹುದು. ತಿಳಿದೋರು ಅಲ್ಲಿಗೇ ಹೋಗ್ತಾರೆ.

ಇಷ್ಟೆಲ್ಲ ಓದಿ ಬೆಂಗಳೂರಿನ ಕಡೆ ತಿರುಗಿದ್ರೆ ಹೊಟ್ಟೆ ಉರಿಯುತ್ತೆ. ಯಾಕಂದ್ರೆ ತಪ್ಪಾಗಿ ಓದೋಕಾದ್ರೂ ಇಲ್ಲಿ ಏನೂ ಇಲ್ಲ. ಖಾಸಗಿ ಕಾರಿನ ರಿಜಿಸ್ಟ್ರೇಷನ್ 15 ವರ್ಷ. ಅಲ್ಲಿಯವರೆಗೆ ಅದರ ಬ್ರೇಕು, ಸ್ಟೀರಿಂಗು ಹೇಗಿದೆ ಅಂತ ಸರ್ಕಾರ ಒಂದು ಸಲವೂ ಕೇಳಲ್ಲ. ತಮಾಷೆ ನೋಡಿ, ಹಳದಿ ಬೋರ್ಡಿನ ಇನ್ನೋವಾಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಂದು, ಆಮೇಲೆ ವರ್ಷಕ್ಕೊಂದು ಎಫ್‌ಸಿ ಇದೆ. ಅದೇ ಇನ್ನೋವಾ ಬಿಳಿ ಬೋರ್ಡಿನಲ್ಲಿ ನಿಮ್ಮ ಮಕ್ಕಳನ್ನ ಕೂರಿಸ್ಕೊಂಡು ಹೋಗೋದಾದ್ರೆ ಯಾವ ಪರೀಕ್ಷೆಯೂ ಇಲ್ಲ. ಆ ಎಫ್‌ಸಿಯಲ್ಲೂ ಹೊರಗಿನವರಿಗೆ ಸಿಗೋದು ಯಾವತ್ತಿನವರೆಗೆ ಊರ್ಜಿತ ಅನ್ನೋ ತಾರೀಕು ಮಾತ್ರ. ಒಳಗೆ ಏನು ಕಂಡ್ರು, ಏನು ಹೇಳಿದ್ರು, ಗೊತ್ತಿಲ್ಲ. ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿದ್ರೆ ಇನ್ಶೂರೆನ್ಸ್ ಇದೆಯಾ, ಎಮಿಷನ್ ಟೆಸ್ಟ್ ಆಗಿದೆಯಾ ತಿಳಿಯುತ್ತೆ. ಗಾಡಿ ಎಷ್ಟು ಓಡಿದೆ ಅನ್ನೋದು ತಿಳಿಯಲ್ಲ.

ಹಾಗಾಗಿ ನಮ್ಮ ವ್ಯಾಪಾರ ನೀರೊಳಗಿನ ಎಮ್ಮೆಗೆ ಬೆಲೆ ಕಟ್ಟಿದ ಹಾಗೆ. 'ಡಾಕ್ಟರ್ ಗಾಡಿ ಸಾರ್', 'ಸಿಂಗಲ್ ಓನರ್', 'ಒಂದ್ರೂಪಾಯಿ ಖರ್ಚಿಲ್ಲ, ಕೀ ಹಾಕಿ ಓಡ್ಸಿ'. ದನದ ಜಾತ್ರೆಯಲ್ಲಿ ಎತ್ತಿನ ಬಾಯಿ ಬಿಡಿಸಿ ಹಲ್ಲಾದ್ರೂ ನೋಡಬಹುದಿತ್ತು. ಈಗ ಇನ್ನೂರು ಅಂಶಗಳ ತಪಾಸಣೆ ಅಂತ ಒಂದು ರಿಪೋರ್ಟ್ ಫೋನಿಗೆ ಬರುತ್ತೆ, ತುಂಬಾ ಹಸಿರು ಟಿಕ್ಕು. ತಪಾಸಣೆ ಮಾಡಿದೋರು ಯಾರು? ಮಾರೋರೇ. ಒಂದು ದಿನದ ಇನ್ನೂರು ಅಂಶಕ್ಕಿಂತ ಐದು ವರ್ಷದ ಹತ್ತು ಸಾಲು ನನಗೆ ಮೇಲು.

ಈ ಮಾತಿಗೆ ಒಬ್ಬ ಗೆಳೆಯ ತಲೆ ಚಚ್ಚಿಕೊಂಡ. "ಮಗಾ, ಸುಮ್ನಿರೋ. ಆರ್‌ಟಿಓ ಮುಂದೆ ಇನ್ನೊಂದು ಕ್ಯೂ, ಇನ್ನೊಬ್ಬ ಏಜೆಂಟು. ಬೇಕಾ ನಮಗೆ?" ಅವನ ಭಯ ನನಗೂ ಇದೆ. ನಾಳೆಯೇ ಎಲ್ಲ ಖಾಸಗಿ ಕಾರಿಗೂ ವರ್ಷಕ್ಕೊಂದು ತಪಾಸಣೆ ಅಂದ್ರೆ ಅದು ಏನಾಗುತ್ತೆ ಅಂತ ಊಹಿಸೋಕೆ ಜ್ಯೋತಿಷಿ ಬೇಕಿಲ್ಲ. ಆದ್ರೆ ಎಮಿಷನ್ ಟೆಸ್ಟಿಗೆ ನಾವು ಈಗಾಗಲೇ ಹೋಗ್ತಿದ್ದೀವಿ. ಪೆಟ್ರೋಲ್ ಬಂಕ್ ಮೂಲೆಯ ಆ ವ್ಯಾನಿನೋನು ನಂಬರ್ ಪ್ಲೇಟಿನ ಫೋಟೋ ತೆಗೀತಾನೆ, ಕಂಪ್ಯೂಟರಿಗೆ ಹಾಕ್ತಾನೆ, ಚೀಟಿ ಕೊಡ್ತಾನೆ. ನಾನು ನೋಡಿರೋ ಚೀಟಿಗಳಲ್ಲಿ ಮೀಟರ್ ರೀಡಿಂಗ್ ಇಲ್ಲ. ಅದೇ ಕ್ಯಾಮೆರಾವನ್ನ ಕಿಟಕಿಯೊಳಗೆ ಚಾಚಿ ಮೀಟರಿನ ಫೋಟೋ ಒಂದು ತೆಗೆದು ಆ್ಯಪಿನಲ್ಲಿ ಕಾಣೋ ಹಾಗೆ ಮಾಡಿದ್ರೆ ಸಾಕು, ಮೀಟರ್ ತಿರುಗಿಸೋರ ಅರ್ಧ ಧಂದೆ ಮುಚ್ಚಿಹೋಗುತ್ತೆ. ಹೊಸ ಕ್ಯೂ ಬೇಡ, ಹೊಸ ಏಜೆಂಟೂ ಬೇಡ. ಬ್ರೇಕು ಟೈರಿನ ಮಾತು ಆಮೇಲೆ.

ಅಲ್ಲಿಯವರೆಗೆ ನಮ್ಮ ಎಂಓಟಿ ಚರಿತ್ರೆಯನ್ನ ನಾವೇ ಬರ್ಕೋಬೇಕು. ತಂಗಿಯ ಕಶ್ಕಾಯ್‌ನಲ್ಲಿರೋ 1.5 ಡೀಸೆಲ್ ಮೂಲತಃ ರೆನೊದ ಕೆ9ಕೆ ಇಂಜಿನ್. 2012ರಲ್ಲಿ ಇಲ್ಲಿಗೆ ಬಂದ ಡಸ್ಟರಿನಲ್ಲೂ ಅದೇ ಕುಟುಂಬದ ಇಂಜಿನ್ ಇತ್ತು, 2020ರಲ್ಲಿ ಬಿಎಸ್6 ಬರೋವರೆಗೂ. ಬೆಂಗಳೂರಿನಲ್ಲಿ ಹಳೇ ಡೀಸೆಲ್ ಡಸ್ಟರ್ ನೋಡ್ತಿರೋರು ಈಗಲೂ ಸಿಗ್ತಾರೆ. ಅವರಿಗೆ ನಾನು ಹೇಳೋದು ಇಷ್ಟು: ಮಾರೋನ ಹತ್ತಿರ ಸರ್ವೀಸ್ ಬಿಲ್ಲುಗಳ ಕಟ್ಟು ಕೇಳಿ. ಕೊಡಲ್ಲ ಅಂದ್ರೆ ಗಾಡಿ ಬಿಡಿ. ಕೊಟ್ಟರೆ ತಾರೀಕಿನ ಪ್ರಕಾರ ಜೋಡಿಸಿ, ಕಿಲೋಮೀಟರ್ ಬರೆದಿರೋ ಜಾಗದ ಮೇಲೆ ಬೆರಳಿಟ್ಟು ಕೆಳಗಿಳೀತಾ ಬನ್ನಿ, ಎಲ್ಲಿ ನಿಂತಿದೆ, ಎಲ್ಲಿ ಹಿಂದಕ್ಕೆ ಹೋಗಿದೆ ನೋಡಿ. ಬಿಲ್ಲಿನ ಕೆಳಗೆ 'ಮುಂದಿನ ಸರ್ವೀಸಿಗೆ ಬದಲಿಸಿ' ಅಂತ ಬರೆದದ್ದು ಮುಂದಿನ ಬಿಲ್ಲಿನಲ್ಲಿ ಬದಲಾಗಿದೆಯಾ ನೋಡಿ. ಟೈಮಿಂಗ್ ಬೆಲ್ಟಿನ ಹೆಸರು ಎಲ್ಲಾದ್ರೂ ಇದೆಯಾ ಹುಡುಕಿ. ಆಮೇಲೆ ಕೆಳಗೆ ಬಗ್ಗಿ ಟೈರಿನ ಪಕ್ಕದಲ್ಲಿರೋ ನಾಲ್ಕಂಕಿ ಓದಿ. 2319 ಅಂದ್ರೆ 2019ರ 23ನೇ ವಾರದಲ್ಲಿ ತಯಾರಾದ ಟೈರು. ಗಾಡಿ 2015ರದ್ದು, ಮೀಟರ್ 28 ಸಾವಿರ ತೋರಿಸ್ತಿದೆ, ಆದ್ರೆ ನಾಲ್ಕೂ ಟೈರು 2319 ಅಂತಿದ್ರೆ, ಮೊದಲ ಸೆಟ್ ಟೈರು ಅಷ್ಟು ಬೇಗ ಎಲ್ಲಿಗೆ ಹೋಯ್ತು ಅಂತ ಆ ಡಾಕ್ಟರ್ ಗಾಡಿಯೋನನ್ನ ನಿಧಾನವಾಗಿ ಕೇಳಿ.